ಕೌದಿಯೊಳಗಿನ ಬೀಜದ ಚೀಲ

ಒಂದೇ ದಿನ ಬಿತ್ತಿದ ಸೂರ್ಯಕಾಂತಿ. ಒಂದು ಗಿಡ ಆಳೆತ್ತರ, ಪಕ್ಕದ್ದು ಮೊಣಕಾಲೆತ್ತರ. ದೊಡ್ಡದೊಂದು ಹೂ ಬಿಡಬೇಕಾದಲ್ಲಿ ಐದಾರು ಚಿಲ್ಲರೆ ಹೂ. ಪಾಮನಕಲ್ಲೂರಿನ ಕರೆಮ್ಮ ಬದುವಿನ ಮೇಲೆ ನಿಂತು ಹಲ್ಲು ಕಡಿದಳು. ಬೀಜ ಖೊಟ್ಟಿ! ವರ್ಷದ ದುಡಿಮೆ ಮಣ್ಣುಪಾಲು. ಇದು ತೊಂಬತ್ನಾಲ್ಕರ ಮಾತು.

ಗಂಡ ಯಮನೂರಪ್ಪ ಮಸ್ಕಿಯ ಅಂಗಡಿಗೆ ಹೋಗಿ ಮುಖ ಇಳಿಬಿಟ್ಟುಕೊಂಡು ಬಂದ.

"ರಸೀದಿಯಾಗ ಬರೇ ಬೀಜ ಅಂತೈತಿ, ನಮ್ಮ ಚೀಲ ಅಂತ ಏನ್ ಗುರ್ತು, ಚೀಲದ ಮ್ಯಾಲಿನ ನಂಬರ್ ತೋರ್ಸು ಅಂದಾನ. ಹೋಗ್ಲಿ ಬಿಡು, ಕಿತ್ತು ಜ್ವಾಳ ಬಿತ್ತೂನು."

"ಕೀಳಬ್ಯಾಡ್ರಿ ಅಣ್ಣಾ!" ಮಹಿಳಾ ಸಂಘದ ಕಾರ್ಯಕರ್ತೆ ವೀರಭದ್ರಮ್ಮ ಅಂಗಳಕ್ಕೆ ಕಾಲಿಡುತ್ತಲೇ ಕೂಗಿದಳು. "ಮೊದಲ ಕೃಷಿ ಇಲಾಖೆ ಸಾಹೇಬ್ರು ಬೆಳಿ ನೋಡಿ ಬರಕೊಡ್ಲಿ. ಗ್ರಾಹಕರ ಕಾಯ್ದೆ ದಿಲ್ಲಿ ಸರ್ಕಾರ ಮಾಡೈತಿ. ಅದರ ಪ್ರಕಾರ ನಮ್ಮ ರಾಜ್ಯ ಸರ್ಕಾರ ರಾಯಚೂರಾಗ ಗ್ರಾಹಕರ ದೂರು ಕೇಳೋ ವೇದಿಕೆ ತೆರದೈತಿ. ಬಿಳಿ ಹಾಳ್ಯಾಗ ಫಿರ್ಯಾದಿ ಬರಕೊಟ್ರ ಸಾಕು. ಫೀಜಿಲ್ಲ, ವಕೀಲ ಬೇಕಂತಿಲ್ಲ."

"ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿಕೊಳ್ಳಾದು ಅಷ್ಟ," ಎಂದ ಯಮನೂರಪ್ಪ.

"ಸವೆದ್ರ ನನ್ನ ಚಪ್ಪಲಿ ಸವೀಲಿ," ಎಂದಳು ಕರೆಮ್ಮ. "ನಾ ಹೋಗ್ತೀನಿ."

"ಭೇಷ್! ಬೀಜದ ಚೀಲ ಎಲ್ಲೈತಿ ತಾಯಿ?" ಎಂದಳು ವೀರಭದ್ರಮ್ಮ.

ಕರೆಮ್ಮ ಮೊಮ್ಮಗುವಿನ ತೊಟ್ಟಿಲ ಕಡೆ ನೋಡಿದಳು. ಅಷ್ಟು ಗಟ್ಟಿ ಬಟ್ಟೆಯ ಚೀಲವನ್ನು ಎಸೆಯುವ ಹೆಂಗಸು ಈ ಸೀಮೆಯಲ್ಲಿ ಉಂಟೇ? ಬಾಣಂತಿ ಮಗಳ ಕೂಸಿಗೆ ಹಳೇ ಬಟ್ಟೆ ಜೋಡಿಸಿ ಹೊಲಿದ ಕೌದಿಯ ನಡುವಿನ ಪದರಿಗೆ ಅದನ್ನು ಹಾಕಿಬಿಟ್ಟಿದ್ದಳು.

"ಒಗೆದಿಯೇನು?"

"ನಾಕು ಸಲ ಒಗೆದೀನಿ, ಅಕ್ಕಾ."

ಯಮನೂರಪ್ಪ ತಲೆ ಚಚ್ಚಿಕೊಂಡ. ಕರೆಮ್ಮ ಕೌದಿ ತಂದು, ವಾರಗಟ್ಟಲೆ ಕೂತು ಹಾಕಿದ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ಪದರು ಸರಿಸಿ ಚೀಲವನ್ನು ಬಿಸಿಲಿಗೆ ಹಿಡಿದಾಗ ಮಾಸಿದ ನೀಲಿ ಅಕ್ಷರ ಕಂಡವು. ಕಂಪನಿಯ ಹೆಸರು, ಅದರಡಿ ನಂಬರು. ಒಂದಂಕಿಯೂ ಅಳಿಸಿರಲಿಲ್ಲ!

ಕೃಷಿ ಇಲಾಖೆಯ ಸಾಹೇಬರು ಬಂದು ಬೆಳೆ ನೋಡಿ ವರದಿ ಬರೆದರು. ಕರೆಮ್ಮ ಫಿರ್ಯಾದಿ ಕೊಟ್ಟು, ವಿಚಾರಣೆಗೆ ಮೂರು ಸಲ ರಾಯಚೂರು ಬಸ್ಸು ಹತ್ತಿದಳು. ಎರಡು ಸಲ ಅಂಗಡಿಯವನು ಬರಲೇ ಇಲ್ಲ. ಮೂರನೇ ಸಲ ಅವನ ವಕೀಲ ಬಂದು, ಮೇಜಿನ ಮೇಲಿದ್ದ ಬಿಚ್ಚಿದ ಕೌದಿ ನೋಡಿ ನಕ್ಕ.

"ನಗ್ರಿ ವಕೀಲ್ರ, ಬ್ಯಾಡಂದೋರು ಯಾರು?" ಎಂದಳು ಕರೆಮ್ಮ. "ಮೊದಲ ನಂಬರ್ ಓದ್ರಿ."

ವೇದಿಕೆಯವರು ಅಂಗಡಿಯ ದಾಸ್ತಾನು ಪುಸ್ತಕ ತರಿಸಿ ತಾಳೆ ನೋಡಿದರು. ಅದೇ ನಂಬರು. ಅಂಗಡಿಯವನು ಬೀಜದ ಬೆಲೆಯ ಜೊತೆಗೆ ಬೆಳೆಯ ನಷ್ಟವನ್ನೂ ಕೊಡಬೇಕೆಂದು ಆದೇಶವಾಯಿತು.

ಚೀಲ ವೇದಿಕೆಯ ಕಡತದಲ್ಲೇ ಉಳಿಯಿತು. ಕೂಸಿನ ಕೌದಿಗೆ ಕರೆಮ್ಮ ಕೆಂಪು ತೇಪೆ ಹಾಕಿದಳು. ಮರುವರ್ಷ ಬಿತ್ತಿಗೆ ಮುಗಿದ ದಿನ ಯಮನೂರಪ್ಪನೇ ಖಾಲಿ ಚೀಲ ಮಡಚಿ, ನಂಬರ್ ಬರೆಸಿ ತಂದ ರಸೀದಿ ಅದರೊಳಗಿಟ್ಟು, ಸೂರಿನ ಜಂತಿಗೆ ಸಿಗಿಸಿದ.

"ಕೌದಿಗೀದಿಗೆ ಅಂತ ಮುಟ್ಟೀಯ ಮತ್ತ!" ಎಂದು ಹೆಂಡತಿಗೇ ತಾಕೀತು ಮಾಡಿದ.

ಅಕ್ಕಂದಿರೇ, ಅಣ್ಣಂದಿರೇ, ಈ ಸಲ ಬೀಜ ತರುವಾಗ ರಸೀದಿಯಲ್ಲಿ ನಂಬರ್ ಬರೆಸಿಕೊಳ್ಳಿ. ಬೆಳೆ ಕೆಟ್ಟರೆ ಕೀಳುವ ಮೊದಲು ಕೃಷಿ ಇಲಾಖೆಗೆ ತಿಳಿಸಿ. ಕಾಯ್ದೆ ನಿಮಗಾಗಿಯೇ ಇದೆ, ಹೆದರದೆ ಕೇಳಿ. ಚೀಲ ಮಾತ್ರ ರಾಶಿ ಮನೆಗೆ ಬರುವ ತನಕ ಜೋಪಾನ. ಆಮೇಲೆ ಎಷ್ಟು ಬೇಕಾದರೂ ಕೌದಿ ಹೊಲಿಯಿರಿ.