ಯಾರೂ ನೋಡದ ಗೋಲು

ಗಂಡನ ಶವಪೆಟ್ಟಿಗೆಯ ಮೇಲೆ ಯಾರೋ ಹಾಸಿದ್ದ, ಅವನ ಫುಟ್‌ಬಾಲ್ ತಂಡದ ಹಸಿರು ಬಿಳಿ ಪಟ್ಟೆಯ ಮಫ್ಲರನ್ನು ಮೇವಿಸ್ ಸರಕ್ಕನೆ ಎಳೆದು ಕೈಚೀಲಕ್ಕೆ ತುರುಕಿದಳು. ಪಾದ್ರಿ ಪುಸ್ತಕದಿಂದ ತಲೆಯೆತ್ತಿ, ಕಾಣದವನಂತೆ ಮತ್ತೆ ತಗ್ಗಿಸಿದ.

“ಅಕ್ಕಾ, ಎಲ್ರೂ ನೋಡ್ತಿದಾರೆ,” ತಂಗಿ ಐವಿ ಪಿಸುಗುಟ್ಟಿದಳು.

“ನೋಡ್ಲಿ ಬಿಡೆ. ಮದುವೆಯಾದಾಗಿಂದ ಒಂದು ಶನಿವಾರಾನೂ ಇವನು ನನ್ನವನಾಗಿರ್ಲಿಲ್ಲ. ಇವತ್ತೊಂದಿನ ನನ್ನ ಗಂಡನಾಗಿ ಹೋಗ್ಲಿ.”

ಅವಳ ಗಂಡ ಹೋರೇಸ್, ಸ್ಕೆಲ್ಬಿ ಎಂಬ ಆ ಊರಿನ ಮನೆಮನೆಗೂ ಹೋಗಿ ಗ್ಯಾಸ್ ಮೀಟರ್ ಓದುತ್ತಿದ್ದವನು. ಯಾರ ಮನೆಯ ಮೆಟ್ಟಿಲ ಕೆಳಗೆ ಏನಿದೆಯೆಂದು ಬಲ್ಲವನು. ಮಾತು ಮಾತ್ರ ಅಷ್ಟಕ್ಕಷ್ಟೆ. ವಾರವೆಲ್ಲ ಕೆಲಸ, ಶನಿವಾರ ಸ್ಕೆಲ್ಬಿ ಟೌನ್ ತಂಡದ ಫುಟ್‌ಬಾಲು.

ಚರ್ಚಿನ ಹಾಲಿನಲ್ಲಿ ಯಾರದೋ ಮದುವೆಯಿತ್ತು. ಹಾಗಾಗಿ ದಹನ ಮುಗಿದ ಮೇಲಿನ ಟೀಗೆ ಫುಟ್‌ಬಾಲ್ ಮೈದಾನದ ಕ್ಲಬ್ ಕೋಣೆಯೇ ಗತಿಯಾಯಿತು. ಬೇಡವೆಂದದ್ದೇ ಬೆನ್ನು ಹತ್ತುವುದೆಂದರೆ ಇದೇ. ಮೇಲಾಗಿ ಅಂದು ಮೂರು ಗಂಟೆಗೆ ಅಲ್ಲೇ ಕಪ್ ಟೂರ್ನಿಯ ಪಂದ್ಯ.

“ಎಂಥಾ ಕಪ್ಪು!” ಗೇಟು ಕಾಯುವ ದಢೂತಿ ರೆಜ್ ಹಂದಿಮಾಂಸದ ಸ್ಯಾಂಡ್‌ವಿಚ್ ಅಗಿಯುತ್ತ ಅಂದ. “ಮೊದಲನೇ ಸುತ್ತಿಗೆ ಮುಂಚೆ ಇನ್ನೂ ಐದಾರು ಅರ್ಹತಾ ಸುತ್ತು. ಅದರಲ್ಲಿ ನಮ್ದು ತೀರಾ ತಳದ್ದು. ಹೋರೇಸ್ ಜಾಣ, ನೋಡೋ ಕರ್ಮ ಬೇಡ ಅಂತ ಮೊದ್ಲೇ ಹೊರಟ.”

ಯಾರೋ ನಕ್ಕರು. ಮೇವಿಸಳ ಮುಖ ನೋಡಿ ನಿಲ್ಲಿಸಿದರು.

*

ಅರವತ್ತೊಂದನೆಯ ಇಸವಿ. ಅದೂ ಕಪ್ ಪಂದ್ಯದ ಶನಿವಾರವೇ. ಬೆಳಗ್ಗೆ ಆಸ್ಪತ್ರೆಯಲ್ಲಿ ಮಗು ಹುಟ್ಟಿತು, ಅಳಲಿಲ್ಲ. ಮೇವಿಸಳಿಗೆ ತೋರಿಸದೆ ಬಟ್ಟೆಯಲ್ಲಿ ಸುತ್ತಿ ಒಯ್ದರು. ನೋಡದಿದ್ದರೆ ಬೇಗ ಮರೆಯುತ್ತೀರಿ ಎಂದರು.

ರೋಗಿಗಳನ್ನು ನೋಡುವ ಹೊತ್ತು ಎರಡರಿಂದ ನಾಲ್ಕು. ಮೇವಿಸ್ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಬೇರೆಯವರ ಗಂಡಂದಿರು ಬಂದರು, ಹೋದರು. ಹೋರೇಸ್ ಬಂದಾಗ ಆರಾಗಿತ್ತು. ಮೈಯೆಲ್ಲ ಒದ್ದೆ, ಕುತ್ತಿಗೆಯಲ್ಲಿ ಆ ಮಫ್ಲರು. ಮಂಚದ ಕಾಲ ಬಳಿ ನಿಂತು, “ಒಂದು ಒಂದು. ಸಮ ಆಯ್ತು,” ಅಂದ.

ಅವಳು ಗೋಡೆಗೆ ತಿರುಗಿದಳು.

ಮತ್ತೆ ಮಕ್ಕಳಾಗಲಿಲ್ಲ. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಎತ್ತದೆಯೇ ಮೂವತ್ತೆಂಟು ವರ್ಷ ಒಂದೇ ಕೆಟಲಿನ ಟೀ ಕುಡಿದರು.

*

“ಕ್ಲೆಮ್,” ಮೇವಿಸ್ ಕರೆದಳು. ಅಷ್ಟು ವರ್ಷವೂ ಹೋರೇಸನ ಪಕ್ಕದಲ್ಲೇ ನಿಂತು ಆಟ ನೋಡಿದವನು ಕ್ಲೆಮ್. “ಅರವತ್ತೊಂದರ ಕಪ್ ಆಟ. ಹೆಂಡ್ತೀನ ಬಿಟ್ಟು ನೋಡೋ ಅಂಥಾದ್ದು ಏನಿತ್ರೀ ಅದ್ರಲ್ಲಿ?”

ಕ್ಲೆಮ್ ಕಪ್ಪನ್ನು ಸಾಸರಿನಲ್ಲಿಟ್ಟ. “ನಮ್ಮ ಕ್ಲಬ್ಬಿನಲ್ಲಿ ಅಂಥಾ ಗೋಲು ಇನ್ನೊಂದು ಬಂದಿಲ್ಲ ಅಂತಾರೆ.”

“ಅಂತಾರೆ? ನೀವು ನೋಡ್ಲಿಲ್ವಾ?”

“ಎಲ್ಲಿ ನೋಡೋದು! ನಮ್ಮೋರು ಯಾವ ಕಡೆ ಗೋಲು ಹೊಡೀಬೇಕೋ ಆ ಕಡೆ ನಿಲ್ತೀವಿ ನಾವು. ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಾಯಿಸಿದ್ವು ಅಂದ್ರೆ ಫ್ಲಾಸ್ಕು ಗೀಸ್ಕು ಎತ್ಕೊಂಡು ಎಲ್ರೂ ಆಚೆ ಕಡೆಗೆ. ಅವತ್ತು ಅವನು ಕದಲ್ಲಿಲ್ಲ. ಬಾರೋ ಅಂದ್ರೆ ಕೇಳಿಸ್ಲೇ ಇಲ್ಲ. ಅವನೊಬ್ಬನ್ನೇ ಬಿಟ್ಟು ಹೋಗೋದು ಹೆಂಗೆ? ನಾವೂ ಅಲ್ಲೇ ನಿಂತ್ವಿ. ಮಳೆ, ಮಂಜು. ಗೋಲು ಬಿದ್ದಿದ್ದು ಆ ತುದೀಲಿ.”

“ಆಸ್ಪತ್ರೆಗೆ ಯಾಕೆ ಬರ್ಲಿಲ್ಲ ಅವನು?”

“ಬೆಳಿಗ್ಗೇನೇ ಬಂದಿದ್ನಲ್ಲ! ನಿಮ್ಮ ವಾರ್ಡಿಗೆ ಬಿಡ್ಲಿಲ್ವಂತೆ. ಅವನು ಅಳ್ತಿದ್ದ. ಹೀಗೆ ಹೋದ್ರೆ ಅವಳೂ ಕುಸಿದು ಹೋಗ್ತಾಳೆ, ಸುಧಾರಿಸ್ಕೊಂಡು ಸಂಜೆ ಬಾ, ಮಗು ವಿಷಯ ಎತ್ಲೇಬೇಡ, ಬೇರೆ ಏನಾದ್ರೂ ಮಾತಾಡು ಅಂದ್ರಂತೆ ನರ್ಸು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಮೇವಿಸ್ ಕುರ್ಚಿ ಎಳೆದು ಅವನೆದುರು ಕೂತಳು.

“ನಮ್ಮತ್ರಾನೂ ಒಂದೇ ಮಾತು ಆಡಿದ್ದು. ‘ಹೆಣ್ಣು ಕಣೋ ಕ್ಲೆಮ್, ತಲೆ ತುಂಬ ಕೂದಲಿತ್ತು’ ಅಂದ.”

“ನೋಡಿದ್ನಾ ಅವನು?”

“ಅವನ ಕೈಗೆ ಕೊಟ್ಟಿದ್ರಂತೆ, ಒಂದು ಗಳಿಗೆ.”

ಮೇವಿಸ್ ಟೀ ಕಪ್ಪನ್ನು ಐವಿಯ ಕೈಗೆ ಕೊಟ್ಟು ಕ್ಲೆಮ್‌ನ ಕಡೆ ಬಾಗಿದಳು.

“ಯಾವ ಬಣ್ಣ ಇತ್ತಂತೆ, ಕೂದಲು?”

ಕ್ಲೆಮ್ ತಲೆ ತಗ್ಗಿಸಿದ. “ಅದನ್ನ ನಾವು ಕೇಳ್ಲಿಲ್ಲ ಕಣಮ್ಮಾ.”

*

ಮೂರಕ್ಕೆ ಮೇವಿಸ್ ಮನೆಗೆ ಹೋಗಲಿಲ್ಲ. ಕಪ್ಪು ಕೋಟಿನಲ್ಲೇ ಗೋಲಿನ ಹಿಂದೆ, ಕಬ್ಬಿಣದ ಕಂಬಿಯ ಬಣ್ಣ ಹೋರೇಸನ ಕೈ ತಾಗಿ ತಾಗಿ ಸವೆದು ಹೋಗಿದ್ದ ಜಾಗದಲ್ಲಿ, ನಲವತ್ತೈದು ನಿಮಿಷ ನಿಂತಳು. ಆಟ ಅವಳಿಗೆ ತಲೆಬುಡ ತಿಳಿಯಲಿಲ್ಲ. ಗೆಲ್ಲುವ ಲಕ್ಷಣ ಉಳಿದವರಿಗೂ ಕಾಣಲಿಲ್ಲ.

ಅರ್ಧ ಆಟದ ಸೀಟಿ ಕೇಳಿಸಿತು. ಸುತ್ತಲಿನ ಮುದುಕರು ಫ್ಲಾಸ್ಕುಗಳನ್ನು ಎತ್ತಿಕೊಂಡರು.

“ಆ ಕಡೆ ಹೋಗೋಣ್ವಾ?” ಕ್ಲೆಮ್ ಕೇಳಿದ.

ಮೇವಿಸ್ ಕೈಚೀಲದಿಂದ ಮಫ್ಲರು ತೆಗೆದು, ಹಿಂದಿನ ಸಿಮೆಂಟ್ ಮೆಟ್ಟಿಲ ಮೇಲೆ ಹಾಸಿ ಮೆಲ್ಲಗೆ ಕೂತಳು. “ನೀವು ಹೋಗಿ. ನನ್ನ ಕೈಲಾಗಲ್ಲ.”

ಕ್ಲೆಮ್ ರೆಜ್‌ನ ಮುಖ ನೋಡಿದ. ರೆಜ್ ಫ್ಲಾಸ್ಕನ್ನು ಮತ್ತೆ ಮೆಟ್ಟಿಲ ಮೇಲಿಟ್ಟ. ಒಬ್ಬೊಬ್ಬರಾಗಿ ಉಳಿದವರೂ ಇಟ್ಟರು.

“ಕೂದಲು ಕೆಂಚಗೆ ಇದ್ದಿರ್ಬೇಕು,” ಆಟ ಮತ್ತೆ ಶುರುವಾದ ಮೇಲೆ ಮೇವಿಸ್ ಅಂದಳು. “ಅವನದೂ ಕೆಂಚೇ ಅಲ್ವಾ, ಚಿಕ್ಕವನಿದ್ದಾಗ.”

“ಇದ್ದಿರ್ಬೇಕು,” ಅಂದ ಕ್ಲೆಮ್.

ಆಚೆ ತುದಿಯಲ್ಲಿ ದೊಡ್ಡದೊಂದು ಕೂಗೆದ್ದಿತು. ರೆಜ್ ಮುಚ್ಚಳಕ್ಕೆ ಟೀ ಬಗ್ಗಿಸಿ ಅವಳ ಕೈಗಿಟ್ಟ. ಏನಾಯಿತೆಂದು ಯಾರೂ ತಿರುಗಿ ನೋಡಲಿಲ್ಲ.