ಬೀಗರ ಊಟಕ್ಕೆ ನಡುಗೋಡೆ ಒಡೆಯಬೇಕೇ?

ಮಗ ಕಿಶನ್‌ನ ಮದುವೆ ಗೊತ್ತಾಗಿದ್ದೇ ತಡ, ತೊಣ್ಣೂರಿನ ಪಕ್ಕದ ಹಳ್ಳಿಯ ದೇವರಾಜುವಿಗೆ ತಾನು ಹುಟ್ಟಿ ಬೆಳೆದ ಮನೆ ಇದ್ದಕ್ಕಿದ್ದಂತೆ ಕಿಷ್ಕಿಂಧೆಯಾಗಿ ಕಾಣತೊಡಗಿತು. ಬೀಗರು ಕೆ.ಆರ್. ಪೇಟೆ ಕಡೆಯವರು. ಮದುವೆ ಮುಗಿದ ಮೇಲೆ ಬೀಗರ ಊಟಕ್ಕೆ ಬಸ್ಸು ಮಾಡಿಕೊಂಡು ಬರುವವರು. ಅವರೆದುರು ಮಣ್ಣುಗೋಡೆಯ ಹಳೇ ಮನೆ ತೋರಿಸುವುದೇ? ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆ ಒಡೆದು ದೊಡ್ಡ ಹಾಲ್ ಮಾಡಿಸುವುದು, ಮುಂದಕ್ಕೊಂದು ಪೋರ್ಟಿಕೊ, ನೆಲಕ್ಕೆ ಗ್ರಾನೈಟ್. ಜಗಲಿಯ ಮೇಲೆ ಮೇಸ್ತ್ರಿ ಚೌಡಯ್ಯನ ಜೊತೆ ಕೂತು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಎಲ್ಲವೂ ತೀರ್ಮಾನವಾಯಿತು. ಆ ಕಾಫಿ ಮಾಡಿಕೊಟ್ಟ ಹೆಂಡತಿ ಪ್ರಮೀಳಾಳನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ಪ್ರಮೀಳಾಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಹೊಗೆಗೆ ಕಣ್ಣೊರೆಸಿಕೊಂಡೇ ಮುದ್ದೆ ತಿರುವಿದವಳು ಅವಳು. ಅತ್ತೆ ಮಾದಮ್ಮನ ಪಾಡು ಇನ್ನೂ ಕಷ್ಟ. ಮಂಡಿನೋವಿನ ಮುದುಕಿ, ಹಿತ್ತಿಲ ಕೊಟ್ಟಿಗೆಯಾಚೆಗಿನ ಕಕ್ಕಸಿಗೆ ಗಂಜಲದ ಕೆಸರು ತುಳಿದುಕೊಂಡು ಹೋಗಬೇಕು. ಹೋದ ಮಳೆಗಾಲದಲ್ಲಿ ಅಲ್ಲೇ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಇದ್ಯಾವುದೂ ಗಂಡಸರ ತೀರ್ಮಾನದಲ್ಲಿ ಇರಲಿಲ್ಲ. ಹಾಲ್‌ಗೆ ಜಾಗ ಹೋಗಿ ಅಡುಗೆಮನೆ ಇನ್ನಷ್ಟು ಚಿಕ್ಕದಾಗುವುದು, ಕಕ್ಕಸು ಇದ್ದಲ್ಲೇ ಇರುವುದು.

"ಅಲ್ಲಾ ಕಣ್ರೀ, ಬೀಗರ ಊಟ ಆಗೋದು ಬೀದೀಲಿ, ಶಾಮಿಯಾನದ ಕೆಳಗೆ. ನಮ್ಮೂರಲ್ಲಿ ಯಾರ್ ಮನೇಲಿ ಒಳಗಡೆ ಎಲೆ ಆಕವ್ರೆ? ಇನ್ನ ಹಾಲ್ ಯಾಕೆ?" ಎಂದಳು.

"ಉಂಡ್ಮೇಲೆ ಒಳೀಕ್ ಬಂದು ಎಲೆ ಅಡಿಕೆ ಆಕ್ಕೊಂಡು ಕುಂತ್ಕತಾರೆ. ನಿಂಗಿವೆಲ್ಲ ಗೊತ್ತಾಗಕಿಲ್ಲ, ಸುಮ್ಕಿರು."

"ಎಲೆ ಅಡಿಕೆ ಜಗಿಯೋರ್ಗೆ ಹಾಲ್ ಬೇಕು, ನಿಮ್ಮವ್ವಂಗೆ ಕಕ್ಕಸ್ ಬ್ಯಾಡ. ಚೆಂದಾಗದೆ ನಿಮ್ ನ್ಯಾಯ."

ದೇವರಾಜು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಡೇರಿ ಕಡೆ ಹೊರಟುಬಿಟ್ಟ. ಪ್ರಮೀಳಾ ಸುಮ್ಮನಾಗುವವಳಲ್ಲ. ನಾಗಮಂಗಲದಲ್ಲಿದ್ದ ನಾದಿನಿಯ ಮಗಳು ಹೇಮಶ್ರೀಗೆ ಫೋನು ಮಾಡಿದಳು. ಹುಡುಗಿ ಸಿವಿಲ್ ಡಿಪ್ಲೊಮಾ ಓದಿ ಶ್ರೀರಂಗಪಟ್ಟಣದಲ್ಲಿ ಒಬ್ಬ ಇಂಜಿನಿಯರ್ ಹತ್ತಿರ ಕೆಲಸಕ್ಕಿದ್ದಳು.

ಹೇಮಶ್ರೀ ಭಾನುವಾರ ಬಂದಾಗ ಚೌಡಯ್ಯ ಆಗಲೇ ಆಳುಗಳ ಜೊತೆ ಹಾರೆ, ಗುದ್ದಲಿ ಹಿಡಿದು ನಿಂತಿದ್ದ. ಒಳ್ಳೇ ಗಳಿಗೆಯಂತೆ, ಅವತ್ತೇ ಗೋಡೆಗೆ ಮೊದಲ ಏಟು ಬೀಳಬೇಕಂತೆ. ಅದೇ ಗೋಡೆಗೆ ಒತ್ತಿಕೊಂಡಿದ್ದ ಮಂಚದ ಮೇಲೆ ಮಾದಮ್ಮ ಕೂತಿದ್ದಳು. ಕೈಗೆ ಕೊಟ್ಟ ನೀರನ್ನೂ ಕುಡಿಯದೆ ಹೇಮಶ್ರೀ ತಲೆಯೆತ್ತಿ ಮನೆಯ ಮಾಡು ನೋಡಿದಳು.

"ಮಾವ, ಈ ತೊಲೆಗಳೆಲ್ಲ ಯಾವ್ದರ ಮೇಲೆ ಕುಂತವೆ, ಒಸಿ ನೋಡಿ."

ದೇವರಾಜು ನೋಡಿದ. ಎರಡೂ ಕಡೆಯ ತೊಲೆಗಳ ತುದಿ ಆ ನಡುಗೋಡೆಯ ಮೇಲೇ ಬಂದು ಕೂತಿದ್ದವು. ಹುಟ್ಟಿದಾಗಿನಿಂದ ಅವನ ಕಣ್ಣೆದುರೇ ಇದ್ದವು.

"ಈ ಗೋಡೆ ಮೇಲೆ," ಎಂದ.

"ಇದ್ನೇ ಒಡುದ್ರೆ ಮಾಡು ಎಲ್ಲಿಗ್ ಬತ್ತದೆ?"

ಚೌಡಯ್ಯ ನಡುವೆ ಬಾಯಿ ಹಾಕಿದ. "ಕಬ್ಬಿಣದ ತೊಲೆ ಕೊಟ್ಟು ನಿಲ್ಲುಸ್ತೀನಿ ಕಣವ್ವ. ಎಷ್ಟೋ ಮನೇಲಿ ಮಾಡಿವ್ನಿ."

"ಮಣ್ಣುಗೋಡೆ ಮನೇಲಿ ಮಾಡಿದ್ದೀರಾ? ಆ ಕಬ್ಬಿಣದ ಭಾರ ಈ ಪಕ್ಕದ ಗೋಡೆ ತಡೀತದಾ ಅಂತ ಯಾರ್ಗಾರ ತೋರ್ಸಿದ್ರಾ?"

ಚೌಡಯ್ಯ ಕತ್ತು ಕೆರೆದುಕೊಂಡ. "ಒಡಿ ಅಂದ್ರು, ಒಡಿಯಕ್ ಬಂದೆ."

ಪ್ರಮೀಳಾಳ ಸಹನೆ ಅಲ್ಲಿಗೆ ಮುಗಿಯಿತು. "ಕೇಳುಸ್ಕೊಂಡ್ರಾ? ನಿಮ್ಮವ್ವ ಮಲಗೋ ಜಾಗದ ಮೇಲೆ ಮಾಡು ಕುಸಿದಿದ್ರೆ ಯಾವ ಬೀಗ ಬಂದು ಎತ್ತತಿದ್ದ? ನಾನ್ ಬಾಯಿ ಬುಟ್ರೆ ಸುಮ್ಕಿರು ಅಂತೀರಿ. ಈ ಮನೇಲಿ ಬದುಕೋರ್ಗೆ ಬಾಯಿ ಇರ್ಬಾರ್ದಾ?"

ದೇವರಾಜು ತಾಯಿಯ ಕಡೆ ನೋಡಿದ. ಮಾದಮ್ಮ ಅವನನ್ನೇ ನೋಡುತ್ತಿದ್ದಳು.

"ಬೀಗರು ಒಂದ್ ಮಧ್ಯಾನ ಇದ್ದು ಒಂಟೋಯ್ತಾರೆ. ಇರೋಳು ನಾನು ಕಣ್ಲಾ ಮಗ. ನನ್ನ ಕೇಳಿದ್ಯಾ?"

ತಾಯಿ ಕೈ ಮುರಿದುಕೊಂಡು ಬಿದ್ದಿದ್ದಾಗ ಎತ್ತಿ ತಂದವನು ದೇವರಾಜುವೇ. ನಾಚಿಕೆಯಿಂದ ತಲೆ ತಗ್ಗಿಸಿ, "ಆರೆ ಈಚೆಗಿಕ್ಕಿ ಚೌಡಣ್ಣ, ಗಳಿಗೆ ಮೀರಿದ್ರೆ ಮೀರ್ಲಿ," ಎಂದ. ಆಮೇಲೆ ಹೇಮಶ್ರೀ ಕಡೆ ತಿರುಗಿದ. "ಏನ್ ಮಾಡಾನ ಹೇಳವ್ವ."

"ಮೊದ್ಲು ಮದುವೆ ಮುಗಿಸಿ ಮಾವ. ಗಡಿಬಿಡೀಲಿ ಮನೆಗೆ ಕೈ ಹಾಕ್ಬೇಡಿ. ನಮ್ ಇಂಜಿನಿಯರ್‌ನ ಕರ್ಕೊಂಡ್ ಬತ್ತೀನಿ, ಗೋಡೆ, ಪಾಯ, ಮಾಡು ಎಲ್ಲ ನೋಡಿ ಯಾವ್ದು ಮುಟ್ಬೌದು, ಯಾವ್ದು ಮುಟ್ಬಾರ್ದು ಅಂತ ಹೇಳ್ತಾರೆ. ನಕ್ಷೆ ಹಾಕ್ಸಿ, ಖರ್ಚಿನ ಅಂದಾಜು ಮಾಡ್ಸಿ. ಮನೆ ಮುಂದಕ್ಕೆ ಕಟ್ಟಂಗಿದ್ರೆ ಪಂಚಾಯ್ತೀಲಿ ಕೇಳಿ. ಕೆಲ್ಸ ನಡೆಯುವಾಗ ಅಡುಗೆ ಎಲ್ಲಿ, ಅಜ್ಜಿ ಮಲಗೋದೆಲ್ಲಿ ಅಂತಾನೂ ಈಗ್ಲೇ ಯೋಚ್ನೆ ಮಾಡಿ. ಅದಕ್ಕೂ ಮುಂಚೆ ಅತ್ತೇನ ಕೇಳಿ, ಏನ್ ಬೇಕು ಅಂತ."

"ಕಿಟಕಿ," ಎಂದಳು ಪ್ರಮೀಳಾ, ಯಾರೂ ಕೇಳುವ ಮೊದಲೇ. "ಅತ್ತೆ ಮಂಚದತ್ರ ಒಳಗೇ ಒಂದು ಕಕ್ಕಸು. ಕುರ್ಚಿ ಥರದ್ದು. ಹಿಡ್ಕೊಳಕ್ಕೆ ಗೋಡೇಗೊಂದು ಸರಳು."

ಬೀಗರ ಊಟ ಬೀದಿಯಲ್ಲೇ ಗಡದ್ದಾಗಿ ನಡೆಯಿತು. ಮಳೆಗಾಲ ಕಳೆದ ಮೇಲೆ ಇಂಜಿನಿಯರ್ ಗುರುತು ಮಾಡಿಕೊಟ್ಟಂತೆ ಚೌಡಯ್ಯನೇ ಕೆಲಸ ಶುರುಮಾಡಿದ. ನಡುಗೋಡೆ ಇದ್ದಲ್ಲೇ ಇದೆ. ಅಡುಗೆಮನೆಗೆ ಬೆಳಕು ಬಂದಿದೆ. ಮಾದಮ್ಮ ಯಾರ ಕೈಯನ್ನೂ ಹಿಡಿಯದೆ ನಾಲ್ಕು ಹೆಜ್ಜೆ ನಡೆದು ಕಕ್ಕಸಿಗೆ ಹೋಗಿ ಬರುತ್ತಾಳೆ. ಪೋರ್ಟಿಕೊ ಇನ್ನೂ ಆಗಿಲ್ಲ, ಅದಕ್ಕಾಗಿ ಯಾರೂ ಅತ್ತಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಗೋಡೆ ಒಡೆಯುವ ಮಾತು ನಡೆಯುತ್ತಿದೆಯೇ? ಗೋಡೆಯ ಮೇಲೆ ಎಷ್ಟು ಭಾರವಿದೆ ಎಂದು ಬಲ್ಲವರಿಗೆ ತೋರಿಸಿದಿರಾ? ಒಲೆ ಮುಂದೆ ನಿಲ್ಲುವವಳನ್ನು, ಕೋಲೂರಿ ನಡೆಯುವವರನ್ನು ಕೂರಿಸಿಕೊಂಡು ಕೇಳಿದಿರಾ? ಇಲ್ಲವಾದರೆ ಇವತ್ತೇ ಕೇಳಿ. ಬಂದು ಹೋಗುವವರು ಮೆಚ್ಚಲಿ ಎಂದು ಮನೆಯವರ ತಲೆಯ ಮೇಲಿನ ಮಾಡಿಗೆ ಕೈ ಹಾಕಬೇಡಿ.