ದಲ್ಲಾಳಿಯಿಲ್ಲದೆ ಕೊಂಡ ಮನೆ

ಕೊಪ್ಪದಲ್ಲಿ ನರ್ಸ್ ಆಗಿದ್ದ ಅರ್ಪಣಾ ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದವಳು. ಪೇಟೆಯ ಹಿಂಬದಿಯಲ್ಲಿ ಹರೀಶ ಎಂಬವನು ತನ್ನ ಎರಡು ಕೋಣೆಯ ಮನೆ ಮಾರುತ್ತಾನೆಂದು ತಿಳಿದಾಗ, ನಡುವೆ ಬ್ರೋಕರ್ ಯಾಕೆ ಎಂದು ತಾನೇ ಹೋಗಿ ಮಾತಾಡಿದಳು. ಒಂದೇ ಸಂಜೆಗೆ ವ್ಯಾಪಾರ ಕುದುರಿತು. ಅವಳು ಹೊರಡಲು ಎದ್ದಾಗ ಹರೀಶ ತಲೆ ಕೆರೆದುಕೊಂಡ.

"ಒಂದ್ ವಿಷ್ಯ ಸಿಸ್ಟರ್. ಮನೆ ನನ್ನ ಹೆಂಡ್ತಿ ಹೆಸರಲ್ಲೂ ಇದೆ. ಅವಳು ಮುತ್ತಿನಕೊಪ್ಪದಲ್ಲಿ, ತವರಲ್ಲಿದಾಳೆ. ನಾವು ಮಾತು ಬಿಟ್ಟು ಎರಡು ವರ್ಷ ಆಯ್ತು. ನೀವೇ ಒಂದ್ ಮಾತು ಕೇಳಿ ಮಾರಾಯ್ರೆ."

ಆ ಒಂದು ಮಾತಿಗೆ ಐದು ತಿಂಗಳು ಹಿಡಿಯಿತು. ಅರ್ಪಣಾ ನೈಟ್ ಡ್ಯೂಟಿ ಮುಗಿಸಿ, ಮುಖ ತೊಳೆದು, ನರಸಿಂಹರಾಜಪುರದ ಬಸ್ಸು ಹತ್ತುವಳು. ಅಲ್ಲಿಂದ ಮುತ್ತಿನಕೊಪ್ಪಕ್ಕೆ ಇನ್ನೊಂದು. ಹರೀಶನ ಹೆಂಡತಿ ಕಾವ್ಯ ಕಾಫಿ ಕೊಟ್ಟು, "ಸೈನ್ ಹಾಕ್ತೀನಿ ಅಕ್ಕ. ಮೊದ್ಲು ನನ್ನ ಹೊಲಿಗೆ ಮಿಷನ್ ಕೊಡಕ್ಕೆ ಹೇಳಿ" ಅಂದಳು. ಮಿಷನ್ ಆಟೋದಲ್ಲಿ ಹೇರಿಕೊಂಡು ಹೋಗಿದ್ದೂ ಅರ್ಪಣಾಳೇ.

ಅದು ಬೇಕು, ಇದು ಬೇಕು ಎಂಬ ಮಾತಿನ ಧಾಟಿ ಬರಬರುತ್ತಾ ಬದಲಾಯಿತು. "ಅವಳಮ್ಮನ ಕಾಲುನೋವು ಹೇಗಿದೆ ಕೇಳಿ," ಎಂದ ಹರೀಶ. "ಅವರು ಶುಗರ್ ಮಾತ್ರೆ ಸರಿಯಾಗಿ ತಗೊಳ್ತಾರಾ?" ಎಂದಳು ಕಾವ್ಯ. ಇವರು ಒಂದಾದರೆ ಮನೆ ತನ್ನ ಕೈತಪ್ಪುತ್ತದೆ ಎಂಬ ಯೋಚನೆ ಬಸ್ಸಿನಲ್ಲಿ ಬಂದಾಗ ಅರ್ಪಣಾಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೂ ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಮುಟ್ಟಿಸಿದಳು.

ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ವರ್ ಕೈಕೊಟ್ಟಿತು. ಮೂವರೂ ಒಂದೇ ಬೆಂಚಿನಲ್ಲಿ ಮಧ್ಯಾಹ್ನ ಮೂರು ಗಂಟೆಯವರೆಗೆ ಕೂತರು, ನಡುವೆ ಅರ್ಪಣಾ. ಕಾವ್ಯ ಅವಳತ್ತ ಬಾಗಿದಳು.

"ಅಕ್ಕ, ಊಟ ಆಯ್ತಾ ಕೇಳಿ ಅವರನ್ನ."

"ಇಲ್ಲೇ ಇದಾರಲ್ಲ ಕಾವ್ಯ. ನೀನೇ ಕೇಳು ಮಾರಾಯ್ತಿ. ನನಗೆ ಸಾಕಾಗಿದೆ."

ಅರ್ಪಣಾ ಎದ್ದು ಹೋಗಿ ಗೋಡೆಗೊರಗಿ ನಿಂತಳು. ಬೆಂಚಿನ ನಡುವೆ ಅವಳ ಜಾಗ ಖಾಲಿಯೇ ಉಳಿಯಿತು. ಹರೀಶ, ನೆಲ ನೋಡುತ್ತಲೇ, "ನಂದು ಬರೋವಾಗ್ಲೇ ಆಯ್ತು. ನಿಂದು?" ಅಂದ. ಕಾವ್ಯ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಒಳಗಿಂದ ಹೆಸರು ಕೂಗಿದರು.

ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಬಂದು ಹರೀಶ ಬೀಗದ ಕೈ ಕೊಟ್ಟ. ಗಂಡ ಹೆಂಡತಿ ಬಸ್ ಸ್ಟ್ಯಾಂಡಿನ ಕಡೆಗೆ, ಒಬ್ಬರ ಹಿಂದೆ ಒಬ್ಬರು, ಹತ್ತು ಮಾರು ಅಂತರದಲ್ಲಿ ನಡೆದರು. ಅಲ್ಲಿನ ಹೋಟೆಲಿನೊಳಗೆ ಒಟ್ಟಿಗೆ ಹೋದರೋ, ಬೇರೆ ಬೇರೆ ಬಸ್ಸು ಹತ್ತಿದರೋ ನೋಡುವಷ್ಟು ತ್ರಾಣ ಅರ್ಪಣಾಗೆ ಉಳಿದಿರಲಿಲ್ಲ.

ಹೊಸ ಮನೆಯ ಬಾಗಿಲು ತೆಗೆದು ಒಂದು ಕಿಟಕಿ ಮಾತ್ರ ತೆರೆದಳು. ಎರಡನೇ ಕೋಣೆಗೆ ಕಾಲಿಡುವ ಮೊದಲೇ, ಬ್ಯಾಗನ್ನು ತಲೆಯಡಿಗಿಟ್ಟು ಬರಿ ನೆಲದ ಮೇಲೆ ಮಲಗಿ ನಿದ್ದೆ ಹೋದಳು.